ಹಗ್ಗದ ಮೇಲಿನ ಕಳ್ಳಿಪೀರ

ನಂಜನಗೂಡು
ಮಾರ್ಚಿ 14, 1910

ತಿರುಮಕೂಡಲು ನರಸೀಪುರದ ಫೋಟೋ ಅಂಗಡಿ ಚಿಕ್ಕಬಸಪ್ಪ ಭಾವನವರಿಗೆ, ಅವರ ಹೆಂಡತಿಯ ತಮ್ಮನಾದ ಗುರುಮಲ್ಲಪ್ಪ ಎರಡೂ ಕೈ ಎತ್ತಿ ಮಾಡುವ ಶರಣು.

ಕ್ಷೇಮ ಸಮಾಚಾರ ಬರೆಯುವ ಜಾಗವನ್ನು ಈ ಸಲ ದಾಟಿಕೊಂಡು ಮುಂದೆ ಹೋಗುತ್ತೇನೆ. ರುದ್ರಕ್ಕ ಹೋದ ಮೇಲೆ ಅದನ್ನು ಯಾವ ಕೈಯಲ್ಲಿ ಬರೆಯುವುದು?

ಏನಿದು ಭಾವ! ಏನಿದು ಎಂದು ಕೇಳುತ್ತಿದ್ದೇನೆ! ಗಾಡಿ ಹೊಡೆಯುವ ಚಿಕ್ಕಮಾದು ಹುಲ್ಲು ತುಂಬಿದ ಪೆಟ್ಟಿಗೆ ತಂದು ಜಗಲಿಯ ಮೇಲಿಟ್ಟು, "ನರಸೀಪುರದಿಂದ ಗಾಜು ಬಂದದೆ, ಮೆಲ್ಲಗೆ ಇಡ್ಕೊಳಿ ಬುದ್ದಿ" ಎಂದಾಗ ನನ್ನ ಹತ್ತು ಬೆರಳೂ ಎದ್ದು ನಿಂತವು. ನೀವು ಮುಖ ಹಿಡಿದು ಕಳಿಸುವುದು, ನಾನು ಆ ಮುಖವನ್ನು ತಿದ್ದಿ ಕಳಿಸುವುದು, ಇದಲ್ಲವೇ ನಮ್ಮಿಬ್ಬರ ಅನ್ನ! ಯಾವ ಪಟೇಲರ ಮೀಸೆಗೆ ಹೊಳಪು ಕೊಡಬೇಕೋ, ಯಾವ ಮದುಮಗಳ ಗಲ್ಲದ ಸಿಡುಬು ಅಳಿಸಬೇಕೋ ಎಂದು ಪ್ಲೇಟನ್ನು ಬೆಳಕಿಗೆ ಹಿಡಿದೆ. ಪರದೆ ಮೇಲೆದ್ದಿತು. ಪಾತ್ರ ಪ್ರವೇಶ. ಯಾರು? ಗುಬ್ಬಿ! ಇನ್ನೊಂದು ಪ್ಲೇಟು. ಗುಬ್ಬಿಗಿಂತ ಸಣ್ಣದು! ಮೂರನೆಯದರಲ್ಲಿ ಹಕ್ಕಿ ಹಾರಿಹೋಗಿ ಬರೀ ಕಡ್ಡಿ! ನರಸೀಪುರದಲ್ಲಿ ಮನುಷ್ಯರೆಲ್ಲ ಮುಗಿದುಹೋದರೇ ಭಾವ?

ಆದರೂ ಬಂದ ಕೆಲಸ ಬಂದ ಕೆಲಸವೇ. ಜೊಂಡಿನ ಮೇಲೆ ಕೂತ ಒಂದು ಹಕ್ಕಿಯ ಎದೆಯ ತುಂಬ ಸಿಡುಬಿನ ಕಲೆ ಇತ್ತು. ಒಂದೊಂದನ್ನೂ ಸೀಸದ ಕಡ್ಡಿಯಿಂದ ಮುಚ್ಚಿದ್ದೇನೆ. ಈಗ ಅದರ ಎದೆ ಅರಮನೆಯ ಕನ್ನಡಿ. ಕಣ್ಣಿಗೆ ಒಂದು ಚೂರು ಕಾಡಿಗೆಯನ್ನೂ ಎಳೆದಿದ್ದೇನೆ. ಹತ್ತು ವರ್ಷ ಕಂಪನಿ ನಾಟಕದಲ್ಲಿ ರಾಣಿ ವೇಷ ಕಟ್ಟಿದ ಕೈ, ಅಷ್ಟು ಮಾಡದೆ ಬಿಡುವುದಿಲ್ಲ.

ಇನ್ನೊಂದು ಮಾತು. ಇದು ನನ್ನದಲ್ಲ, ಅವ್ವನದು. ಜನವರಿಯಲ್ಲಿ ನಾವೂ ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದಲ್ಲಿ ಚಪ್ಪರ ಹಾಕಿಕೊಂಡಿದ್ದಾಗ ನಿಮ್ಮ ಕಾರ್ಡು ಬಂತು. "ರುದ್ರಮ್ಮ ನಿನ್ನೆ ಹೋದಳು, ಕ್ಯಾಂಪಿನ ಗುಡಿಸಲಿನಲ್ಲಿ." ಅಷ್ಟೇ. ಆವತ್ತಿನಿಂದ ಅವ್ವ ಒಂದೇ ಪ್ರಶ್ನೆ ಹಿಡಿದು ಕೂತಿದ್ದಾಳೆ. ಅವಳ ಮಾತಿನಲ್ಲೇ ಬರೆಯುತ್ತೇನೆ, ಸಿಟ್ಟಾಗಬೇಡಿ:

"ಕೊನೇಲಿ ಅವ್ಳು ಒಬ್ಳೇ ಇದ್ಲಾ? ಗಂಡ ಅನ್ನೋನು ಊರೊಳಗೆ ಬೆಚ್ಚಗೆ ಕುಂತ್ಕಂಡು ಎಂಡ್ತೀನ ಗುಡ್ಲಲ್ಲಿ ಬುಟ್ನಾ? ಬರ್ದು ಕೇಳ್ಲಾ ಗುರು. ಉತ್ರ ಬರೋಗಂಟ ಅವ ಈ ಒಸ್ಲು ತುಳಿಯೋದು ಬ್ಯಾಡ."

ಕೇಳಿದ್ದೇನೆ. ನಾನು ಬರೀ ದೂತ.

ನಿಮ್ಮ
ಗುರುಮಲ್ಲಪ್ಪ


ತಿ. ನರಸೀಪುರ
ಏಪ್ರಿಲ್ 5, 1910

ಗುರುವಿಗೆ,

ಪ್ಲೇಟುಗಳು ಬಂದವು. ಹಕ್ಕಿಯ ಎದೆಯ ಮೇಲಿದ್ದದ್ದು ಸಿಡುಬಲ್ಲ. ಆ ಹಕ್ಕಿ ಇರುವುದೇ ಹಾಗೆ, ಚುಕ್ಕೆ ಚುಕ್ಕೆಯಾಗಿ. ಈಗ ಅದು ಯಾವ ಹಕ್ಕಿಯೂ ಅಲ್ಲ. ಇರಲಿ.

ಪಟ ತೆಗೆಸಲು ಜನ ಬರುತ್ತಾರೆ. ಬಾಗಿಲು ತೆಗೆಯುವುದಿಲ್ಲ. ಬೆಳಿಗ್ಗೆ ಕ್ಯಾಮರಾ ಹೊತ್ತುಕೊಂಡು ಸಂಗಮದ ಕಡೆ, ಇಲ್ಲವೇ ಬನ್ನೂರಿನ ದಾರಿಯ ಕಬ್ಬಿನ ಗದ್ದೆಗಳ ಕಡೆ ಹೋಗಿ ಕೂರುತ್ತೇನೆ. ಹಕ್ಕಿ ಬಂದರೆ ಬರುತ್ತದೆ. ಬಾರದಿದ್ದರೂ ಕೂತಿರುತ್ತೇನೆ. ಊಟ ಮಾಡುತ್ತೇನೆ. ನಿದ್ದೆಯೂ ಬರುತ್ತದೆ.

ಅತ್ತೆಯವರ ಮಾತಿಗೆ ಉತ್ತರ ಬರೆಯಲು ಕೂತೆ. ನಾಲ್ಕು ಸಲ ಕಾಗದ ಹರಿದೆ. ಒಂದು ಪ್ಲೇಟು ಕಳಿಸಿದ್ದೇನೆ. ಮೂಲೆಯಲ್ಲಿ ಗೀರು ಬಿದ್ದಿದೆ, ಅದನ್ನು ಸರಿ ಮಾಡಿ ಪ್ರಿಂಟು ತೆಗೆದು ಅವರಿಗೆ ತೋರಿಸು. ನನಗೂ ಒಂದು ಕಳಿಸು.

ಚಿಕ್ಕಬಸಪ್ಪ


ನಂಜನಗೂಡು
ಏಪ್ರಿಲ್ 23, 1910

ಭಾವನವರಿಗೆ ಶರಣು.

ಕೇಳಿ, ಕೇಳಿ! ನೀವು ಅವ್ವನಿಗೆಂದು ಕಳಿಸಿದ ಪ್ಲೇಟಿನ ಕಥೆಯನ್ನು ಮೊದಲಿಂದ ಹೇಳುತ್ತೇನೆ.

ಹಗ್ಗದ ಮೇಲೆ ಕೂತ ಕಳ್ಳಿಪೀರ! ಅಬ್ಬಬ್ಬಾ, ಏನು ಭಂಗಿ! ಕೊರಳಿಗೆ ಕರಿ ದಾರ ಕಟ್ಟಿಕೊಂಡು, ಬಾಲಕ್ಕೆ ಸೂಜಿ ಸಿಕ್ಕಿಸಿಕೊಂಡು, ಸಭೆಯ ಕಡೆ ಅರ್ಧ ಮುಖ ತಿರುಗಿಸಿ! ಅಷ್ಟು ಸಣ್ಣ ಜೀವ ರೆಪ್ಪೆ ಬಡಿಯುವಷ್ಟು ಹೊತ್ತು ಅಲ್ಲಾಡದೆ ಕೂತಿದೆ ಎಂದರೆ ನಿಮ್ಮ ತಾಳ್ಮೆಗೆ ಒಂದು ಶಾಲು ಹೊದಿಸಬೇಕು. ಮುನಿಸಿಕೊಂಡ ಅತ್ತೆಯನ್ನು ಒಲಿಸಲು ಅಳಿಯ ಕಳಿಸಿದ ಕಾಣಿಕೆ ಎಂದು ನನಗೆ ಆಗಲೇ ತಿಳಿಯಿತು. ಹಾಗಾದರೆ ಅದು ಎಂಥದಾಗಿರಬೇಕು? ಹಕ್ಕಿಯ ಒಂದೊಂದು ಗರಿಯನ್ನೂ ಸೀಸದ ಕಡ್ಡಿಯಿಂದ, ಚಾಕುವಿನಿಂದ ತಿದ್ದಿ ನಾನು ನನ್ನ ವಿದ್ಯೆಯನ್ನೆಲ್ಲ ಸುರಿದುಬಿಟ್ಟೆ.

ಹಕ್ಕಿಯ ಹಿಂದೆ ಒಂದು ದರಿದ್ರ ಗುಡಿಸಲು, ಅದರ ಬಾಗಿಲಿಗೆ ಇಳಿಬಿಟ್ಟ ಒಂದು ಹಳೆಯ ಬಟ್ಟೆ, ಬಟ್ಟೆಯ ಕೆಳಗೆ ಯಾರದೋ ಎರಡು ಕಾಲು, ಎಲ್ಲ ಮಸುಕು ಮಸುಕಾಗಿ ಬಿದ್ದಿದ್ದವು. ಭಾವ, ನಾನು ರಂಗದ ಮೇಲೆ ಬೆಳೆದವನು. ಪರದೆಯ ಅಡಿಯಲ್ಲಿ ಪಾತ್ರಧಾರಿಯ ಕಾಲು ಕಂಡರೆ ನಮ್ಮ ಕಂಪನಿಯ ಯಜಮಾನರು ಬೆತ್ತ ತೆಗೆದುಕೊಳ್ಳುತ್ತಿದ್ದರು. "ಲೋ, ಸಭೆಗೆ ಕಾಲು ಮೊದಲು ಬರ್ತದೋ, ಮುಖ ಮೊದಲು ಬರ್ತದೋ?" ಅದು ಎಲುಬಿಗೆ ಇಳಿದ ಪಾಠ. ಮೊದಲು ಚಾಕು ತೆಗೆದುಕೊಂಡು ಆ ಕಾಲೆರಡನ್ನೂ ಹೆರೆದೆ. ನಿಮಗೆ ಗೊತ್ತಿರುವುದೇ, ಪ್ಲೇಟಿನ ಮೇಲೆ ಹೆರೆದದ್ದು ಪ್ರಿಂಟಿನಲ್ಲಿ ಕತ್ತಲಿಗೆ ಮುಳುಗುತ್ತದೆ. ಆಮೇಲೆ ನೋಡಿದರೆ ಆ ಬಟ್ಟೆಯೂ ಕಣ್ಣಿಗೆ ಚುಚ್ಚಿತು. ದರ್ಬಾರಿನ ಸೀನಿನ ಹಿಂದೆ ಯಾರೋ ಬಟ್ಟೆ ಒಣಗಹಾಕಿದ ಹಾಗೆ. ಹಕ್ಕಿಯನ್ನೂ ಹಗ್ಗವನ್ನೂ ಬಿಟ್ಟು ಮಿಕ್ಕದ್ದಕ್ಕೆಲ್ಲ ಬೆಳಕು ತೂರದ ಕೆಂಪು ಬಣ್ಣ ಬಳಿದು ಮುಚ್ಚಿದೆ. ಪ್ರಿಂಟು ತೆಗೆದರೆ, ಆಹಾ! ಬರೀ ಆಕಾಶ! ಬೆಳ್ಳನೆಯ ಆಕಾಶದಲ್ಲಿ ಹಕ್ಕಿಯೊಂದೇ!

ಅವ್ವನ ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಏನ್ಲಾ ಇದು?"

"ಭಾವ ಕಳಿಸಿದ್ದಾರೆ ಅವ್ವ, ನಿನಗೇ ಅಂತ."

"ನಾನು ಮಗ್ಳು ಸುದ್ದಿ ಕೇಳುದ್ರೆ ಅವ ಗಿಣಿಮರಿ ಕಳ್ಸವ್ನಾ?"

"ಗಿಣಿಯಲ್ಲ ಅವ್ವ, ಕಳ್ಳಿಪೀರ."

"ಯಾವುದಾದ್ರೇನ್ಲಾ! ಉತ್ರ ಸಿಕ್ತು ಬುಡು. ಒಬ್ಳೇ ಇದ್ಲು. ಇವ ಗುಬ್ಬಿ ಕಾಯ್ತಿದ್ದ."

ಎಂದವಳೇ ಪ್ರಿಂಟನ್ನು ಒಲೆಗೆ ಹಾಕಿ ರೊಟ್ಟಿ ತಟ್ಟಲು ಕೂತಳು. ಅಳಲಿಲ್ಲ. ಅವಳು ಇನ್ನೂ ಅತ್ತೇ ಇಲ್ಲ. ನಾನೂ ಅತ್ತಿಲ್ಲ. ರಂಗದ ಮೇಲೆ ಬೇಕೆಂದಾಗ ಕಣ್ಣೀರು ತರಿಸುತ್ತಿದ್ದವನು ನಾನು. ಅಕ್ಕನ ಹೆಸರು ಹೇಳಿಕೊಂಡು ಒಂದು ಸಲ ಪ್ರಯತ್ನ ಕೂಡ ಮಾಡಿದೆ. ಬರಲಿಲ್ಲ.

ನಿಮ್ಮ ಪ್ರಿಂಟು ಇದರ ಜೊತೆಗಿದೆ. ನೀವಾದರೂ ಮೆಚ್ಚಿಕೊಳ್ಳಿ.

ನಿಮ್ಮ
ಗುರುಮಲ್ಲಪ್ಪ


ತಿ. ನರಸೀಪುರ
ಏಪ್ರಿಲ್ 27, 1910

ಗುರು,

ಪ್ರಿಂಟು ತಲುಪಿತು.

ಅದು ಪ್ಲೇಗ್ ಕ್ಯಾಂಪಿನ ಗುಡಿಸಲು. ಬಾಗಿಲಿಗೆ ಕಟ್ಟಿದ್ದದ್ದು ಅವಳ ಸೀರೆ. ಬಟ್ಟೆಯ ಹಿಂದೆ ನಿಂತಿದ್ದವಳು ನಿಮ್ಮಕ್ಕ.

ಗುಡಿಸಲನ್ನೂ ಸೀರೆಯನ್ನೂ ಫೆಬ್ರವರಿಯಲ್ಲಿ ಸುಟ್ಟರು. ಅವಳು ಎಂದೂ ಪಟ ತೆಗೆಸಿಕೊಂಡವಳಲ್ಲ, ನಿನಗೆ ಗೊತ್ತು. ಬೇರೆ ಪ್ಲೇಟು ಇಲ್ಲ.

ಚಿಕ್ಕಬಸಪ್ಪ


ನಂಜನಗೂಡು
ಮೇ 4, 1910

ಭಾವ,

ಕಾಗದ ಬಂದ ದಿನ ನಾನು ಏನು ಮಾಡಿದೆ ಎಂದು ಬರೆಯುತ್ತೇನೆ. ಕೂಗಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. ಅದೆಲ್ಲ ನನಗೆ ಚೆನ್ನಾಗಿ ಬರುವ ಕೆಲಸ, ಆದರೆ ಆವತ್ತು ಕೈಕಾಲು ಬೇರೆಯವರದಾಗಿದ್ದವು. ಬಾವಿಯಿಂದ ತಣ್ಣೀರು ಸೇದಿ, ಪಟಿಕದ ಪುಡಿ ಕದಡಿ, ತಟ್ಟೆಯಲ್ಲಿ ಪ್ಲೇಟನ್ನು ಮುಳುಗಿಸಿ ಕೂತೆ. ಕೆಂಪು ಬಣ್ಣ ಗೋಂದಿನದು, ನೀರಿಗೆ ಬಿಡುತ್ತದೆ. ಬಿಟ್ಟಿತು. ಮೊದಲು ಗುಡಿಸಲಿನ ಸೂರು ಬಂತು. ಆಮೇಲೆ ಸೀರೆ. ಅಂಚಿನ ಎರಡು ಗೆರೆ ಕೂಡ ಬಂದವು. ನೀವು ನಂಬಬೇಕು, ನಾನು ಆ ಸೀರೆಯನ್ನು ಗುರುತು ಹಿಡಿಯಬೇಕಿತ್ತು. ಅವಳು ಅದನ್ನು ಉಟ್ಟು ನಮ್ಮ ಜಗಲಿಯಲ್ಲಿ ಕೂತು, ನನ್ನ ರಾಣಿ ವೇಷದ ನಡಿಗೆ ನೋಡಿ, "ಲೋ ಗುರು, ನನಗಿಂತ ನೀನೇ ಚೆನ್ನಾಗಿ ಹೆಂಗಸಾಗ್ತೀಯ ಕಣೋ" ಎಂದು ನಕ್ಕಿದ್ದಳು.

ಆಮೇಲೆ ಹಕ್ಕಿ ಹೋಯಿತು. ನಾನು ಅದರ ಮೈಮೇಲೆ ಸೀಸದ ಕಡ್ಡಿಯಿಂದ, ಚಾಕುವಿನಿಂದ ಅಷ್ಟು ಕೆಲಸ ಮಾಡಿದ್ದೆನಲ್ಲ, ಆ ಜಾಗದ ಚಿತ್ರದ ಪೊರೆ ಬಿಸಿಲುಕಾಲದ ನೀರಿಗೆ ಉಬ್ಬಿ, ಗಾಜಿನಿಂದ ಎದ್ದು, ತೇಲಿತು. ಹಿಡಿಯಲು ಹೋಗಿ ಬೆರಳಿಗೆ ಅಂಟಿತು. ಹಕ್ಕಿ ಇದ್ದಲ್ಲಿ ಈಗ ಬರೀ ಗಾಜು.

ಕಾಲು ಬರಲಿಲ್ಲ. ಅದು ಬಣ್ಣವಲ್ಲ, ಚಾಕುವಿನ ಕೆಲಸ. ಹೆರೆದ ಪುಡಿಯನ್ನು ಆವತ್ತೇ ಊದಿ ಹಾರಿಸಿದ್ದೆ.

ಭಾವ, ನಾನು ಬರೆದುಕೊಡಬಲ್ಲೆ. ಸೀಸದ ಕಡ್ಡಿಯಲ್ಲಿ ಎರಡು ಕಾಲು, ಮಸುಕಾಗಿ, ಇದ್ದ ಹಾಗೆಯೇ. ಯಾರಿಗೂ ತಿಳಿಯುವುದಿಲ್ಲ. ಬರೆಯಲೇ?

ಇನ್ನೊಂದು. ಹಕ್ಕಿ ಪಟದಲ್ಲಿ ಅಷ್ಟು ದೊಡ್ಡದಾಗಿ ಬರಬೇಕಾದರೆ ನೀವು ಹಗ್ಗಕ್ಕೆ ತಗುಲಿಕೊಂಡೇ ಕೂತಿರಬೇಕು. ಹಗ್ಗದಿಂದ ಗುಡಿಸಲು ನಾಲ್ಕೈದು ಮಾರು. ಅಂದರೆ ನೀವು ಅಲ್ಲಿದ್ದಿರಿ. ಅವ್ವನಿಗೆ ನಾನು ಇನ್ನೂ ಏನೂ ಹೇಳಿಲ್ಲ. ಏನು ಹೇಳಲಿ, ನೀವೇ ಬರೆಯಿರಿ.

ಗುರುಮಲ್ಲಪ್ಪ


ತಿ. ನರಸೀಪುರ
ಜೂನ್ 16, 1910

ಗುರುವಿಗೆ,

ತಡವಾಯಿತು. ಪೆನ್ನು ಹಿಡಿದರೆ ಕಾಗದದ ಮೇಲೆ ಏನೂ ಬರುತ್ತಿರಲಿಲ್ಲ. ಈಗ ಬರುವಷ್ಟು ಬರೆಯುತ್ತೇನೆ.

ಅವಳಿಗೆ ಕುತ್ತಿಗೆಯ ಹತ್ತಿರ ಗಡ್ಡೆ ಕಂಡ ಮಾರನೆಯ ದಿನ ಕ್ಯಾಂಪಿಗೆ ಕರೆದುಕೊಂಡು ಹೋದರು. ಸುತ್ತ ಹಗ್ಗ ಕಟ್ಟಿದ್ದರು. ಅದರಾಚೆ ಮನೆಯವರು ಹೋಗುವಂತಿಲ್ಲ, ಈಚೆಯೂ ನಿಲ್ಲುವಂತಿಲ್ಲ. ಕಾವಲಿಗಿದ್ದವನು ಕಲ್ಲಯ್ಯ ಎಂಬಾತ. ಮೊದಲ ದಿನ ನನ್ನನ್ನು ಎರಡು ಸಲ ಓಡಿಸಿದ. ಮಾರನೆಯ ದಿನ ಕ್ಯಾಮರಾ ಹೊತ್ತುಕೊಂಡು ಹೋದೆ. ಹಗ್ಗದ ಮೇಲೆ ಕಳ್ಳಿಪೀರ ಕೂತಿತ್ತು. ಅದು ಹಾರಿ, ನೊಣ ಹಿಡಿದು, ಮತ್ತೆ ಅಲ್ಲಿಗೇ ಬಂದು ಕೂರುವ ಹಕ್ಕಿ. "ಈ ಹಕ್ಕಿಯ ಪಟ ತೆಗೆಯಬೇಕು" ಎಂದೆ.

ಅವನು ನನ್ನ ಮುಖ ನೋಡಿದ. ಗುಡಿಸಲು ನೋಡಿದ. "ಎಂಡ್ತಿ ನೋಡೋಕೆ ಬಂದಿದ್ರೆ ಒಂಟೋಗಿ ಸಾ. ಪಟ ಇಡಿಯೋಕಾದ್ರೆ ಕುಂತ್ಕಳಿ. ಅಮಲ್ದಾರ್ರು ಬಂದು ಕೇಳುದ್ರೆ ನಂಗೆ ಗುಬ್ಬಿ ಗೊತ್ತು, ಎಂಡ್ತಿ ಗೊತ್ತಿಲ್ಲ" ಎಂದ.

ಆಮೇಲೆ ದಿನವೂ ಬೆಳಕು ಹರಿದಾಗಿನಿಂದ ಬೆಳಕು ಹೋಗುವವರೆಗೆ ಅಲ್ಲಿಯೇ ಇದ್ದೆ. ಕರಿ ಬಟ್ಟೆ ತಲೆಗೆ ಹೊದ್ದುಕೊಂಡು ಕೂತರೆ ಯಾರೂ ಮಾತಾಡಿಸುತ್ತಿರಲಿಲ್ಲ. ಅವಳಿಗೆ ಮುಖ ಊದಿತ್ತು, ತೋರಿಸಲಿಲ್ಲ. ಬಾಗಿಲಿಗೆ ಸೀರೆ ಕಟ್ಟಿಕೊಂಡು ಅದರ ಹಿಂದೆ ಬಂದು ನಿಲ್ಲುತ್ತಿದ್ದಳು.

"ಊಟ ಆಯ್ತಾ?" ಎನ್ನುತ್ತಿದ್ದಳು. "ಆಯ್ತು" ಎನ್ನುತ್ತಿದ್ದೆ.

"ಸುಳ್ಳು. ಬಟ್ಟೆ ಒಳಗಿಂದ ಹೇಳೋ ಸುಳ್ಳು ನಂಗೂ ಗೊತ್ತಾಗ್ತದೆ ಕಣ್ರೀ, ನಾನೂ ಬಟ್ಟೆ ಒಳಗೇ ಇದ್ದೀನಿ."

ಒಂದು ದಿನ ಹಕ್ಕಿ ಕೂರುವುದು, ಏಳುವುದು, ಮೂರು ಪ್ಲೇಟು ಹಾಳಾದವು. ಅವಳು ಒಳಗಿನಿಂದ ನಕ್ಕಳು. "ಅಲುಗಾಡ್ಬೇಡ, ಕಣ್ಣು ಮಿಟುಕಿಸ್ಬೇಡ ಅಂತ ಊರವ್ರಿಗೆಲ್ಲ ಗದರ್ತೀರಲ್ಲ, ಅದಕ್ಕೂ ಒಂದು ಸಲ ಗದರಿ ನೋಡೋಣ" ಎಂದಳು. ಆಗ ಹಕ್ಕಿ ಬಂದು ಕೂತಿತು. ನಾನು ಕ್ಯಾಮರಾದ ಗಾಜಿನ ಮೇಲೆ ನೋಡುತ್ತಿದ್ದಾಗ ಅದರ ಹಿಂದೆ ಸೀರೆಯ ಕೆಳಗೆ ಅವಳ ಕಾಲು ಕಂಡಿತ್ತು. "ನೀನೂ ಬೀಳ್ತೀಯ, ಸರಿದುಕೋ" ಎಂದು ಹೇಳಬೇಕಿತ್ತು. ಪಟದಲ್ಲಿ ಬರುವುದು ಅವಳಿಗೆ ಇಷ್ಟವಿಲ್ಲ. ಹೇಳಲಿಲ್ಲ. ಪಟ ಹಿಡಿಯುವ ರಬ್ಬರ್ ಬುರುಡೆ ಒತ್ತಿದೆ.

"ಸಿಕ್ತಾ?" ಎಂದಳು.

"ಸಿಕ್ತು" ಎಂದೆ.

ಮಾರನೆಯ ದಿನ ಸೀರೆಯ ಕೆಳಗೆ ಕಾಲು ಕಾಣಲಿಲ್ಲ. ಒಳಗೆ ಮಲಗಿದ್ದಳು. ಉಸಿರಾಡುವುದು ಕೇಳುತ್ತಿತ್ತು. ನಾನು ಏನೇನೋ ಮಾತಾಡಿದೆ, ಹಕ್ಕಿಯ ವಿಷಯ. ಮಧ್ಯಾಹ್ನ ಕಲ್ಲಯ್ಯ ಹತ್ತಿರ ಬಂದು, "ಸಾ, ಇನ್ನು ಪಟ ಸಾಕು" ಎಂದ. ಹಕ್ಕಿ ಹಗ್ಗದ ಮೇಲೆಯೇ ಇತ್ತು. ಕ್ಯಾಮರಾ ಸಿದ್ಧವಾಗಿತ್ತು. ಒತ್ತಲಿಲ್ಲ.

ಈಗಲೂ ಹಕ್ಕಿಗಳ ಮುಂದೆ ಹೋಗಿ ಕೂರುತ್ತೇನೆ. ಕೂರುವುದಕ್ಕೆ ಬೇರೆ ನೆಪ ನನಗೆ ಗೊತ್ತಿಲ್ಲ.

ಅತ್ತೆಯವರಿಗೆ ಓದಿ ಹೇಳು. ನಿನ್ನ ನಾಟಕದ ಧ್ವನಿಯಲ್ಲಿ ಬೇಡ.

ಚಿಕ್ಕಬಸಪ್ಪ


ನಂಜನಗೂಡು
ಜೂನ್ 22, 1910

ಭಾವನವರಿಗೆ,

ಓದಿದೆ. ನೀವು ಹೇಳಿದ ಹಾಗೆ ಧ್ವನಿ ಇಳಿಸಿ ಓದಿದೆ. ನನ್ನ ಗಂಟಲಿಗೆ ಅಂಥ ಸಣ್ಣ ಧ್ವನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. "ಬಟ್ಟೆ ಒಳಗಿಂದ ಹೇಳೋ ಸುಳ್ಳು" ಎಂಬಲ್ಲಿ ಅವ್ವ, "ಇನ್ನೊಂದ್ಸಲ ಓದು" ಎಂದಳು. ಓದಿದೆ. "ಇನ್ನೊಂದ್ಸಲ" ಎಂದಳು. ಓದಿದೆ.

ಕಡಲೆಕಾಯಿ ಬಿಡಿಸುತ್ತಿದ್ದವಳು ಬಿಡಿಸುತ್ತಲೇ ಇದ್ದಳು. ಕಾಯೆಲ್ಲ ಮುಗಿದ ಮೇಲೆ, ಸಿಪ್ಪೆಯನ್ನೇ ಮತ್ತೆ ಕೈಗೆ ತೆಗೆದುಕೊಂಡು ಬಿಡಿಸತೊಡಗಿದಳು. ಆಮೇಲೆ ಕೇಳಿದಳು.

"ಅಂಗಾದ್ರೆ ಒಬ್ಳೇ ಇರ್ನಿಲ್ಲ."

"ಇರಲಿಲ್ಲ ಅವ್ವ."

"ಆ ಗಾಜು ತಕ್ಕಂಬಾ."

ತಂದೆ. ಗುಡಿಸಲು ಎಲ್ಲಿ, ಸೀರೆ ಎಲ್ಲಿ ಎಂದು ತೋರಿಸಿದೆ. "ಕಾಲು ಎಲ್ಲಿತ್ತು?" ಎಂದಳು. ಬೆರಳಿಟ್ಟು ತೋರಿಸಿದೆ. ಅಳಿಸಿದ್ದು ನಾನೇ ಎಂದೂ ಹೇಳಿದೆ. ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದು, ನಾನು ಕೆಲಸ ಮಾಡುವ ಮೇಜಿನ ಮುಂದೆ ನೆಲದ ಮೇಲೆ ಕೂತು, ಎರಡೂ ಕಾಲು ಚಾಚಿದಳು. ಸೀರೆಯನ್ನು ಹರಡಿನವರೆಗೆ ಎಳೆದುಕೊಂಡಳು.

"ನೋಡ್ಕಂಡು ಬರಿ. ಅವ್ಳುದೂ ಇದೇ ಕಾಲು. ಎಬ್ಬೆಟ್ಟಿಗಿಂತ ಪಕ್ಕದ್ದು ಉದ್ದ. ಉಟ್ಟಿದಾಗ ಸೂಲಗಿತ್ತಿ ದೇವೀರಮ್ಮ ಅದನ್ನೇ ಮೊದ್ಲು ಏಳಿದ್ಲು."

ನಾನು ಪ್ಲೇಟನ್ನು ಚೌಕಟ್ಟಿಗೆ ಸಿಕ್ಕಿಸಿ, ಸೀಸದ ಕಡ್ಡಿಯನ್ನು ಸೂಜಿಯಂತೆ ಹರಿತ ಮಾಡಿಕೊಂಡು ಕೂತೆ. ಭಾವ, ಅಕ್ಕನ ನಗು, ಅವಳು ಸೆರಗು ಎಳೆದುಕೊಳ್ಳುವ ರೀತಿ, ಮಾತಿನ ನಡುವೆ ಕತ್ತು ಓರೆ ಮಾಡುವುದು, ಎಲ್ಲವನ್ನೂ ಕದ್ದು ರಂಗದ ಮೇಲೆ ತೋರಿಸಿ ಚಪ್ಪಾಳೆ ತೆಗೆದುಕೊಂಡವನು ನಾನು. ಅವಳ ಕಾಲನ್ನು ಮಾತ್ರ ನೋಡಿಯೇ ಇರಲಿಲ್ಲ. ಮೊದಲ ಸಲ ನೋಡಿದ್ದು ಆ ಪ್ಲೇಟಿನಲ್ಲಿ. ನೋಡಿದವನೇ ಚಾಕು ತೆಗೆದುಕೊಂಡೆ.

"ಬರ್ದ್ಯಾ?" ಎಂದಳು ಅವ್ವ.

"ಇಲ್ಲ ಅವ್ವ."

"ಬೇಗ ಬರಿಯೋ, ಕಾಲು ಜೋಮು ಇಡಿದದೆ."

ಕಡ್ಡಿಯ ಮೊನೆ ಗಾಜಿನ ತನಕ ಹೋಗಿ ನಿಂತಿತು. ನೀವು ಬರೆ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಆ ಮಾತಿಗೆ ನಿಮ್ಮ ಕಾಗದದಲ್ಲಿ ಉತ್ತರವೇ ಇಲ್ಲ. ಅವ್ವ ದಿನವೂ ಮನೆಕೆಲಸ ಮುಗಿಸಿ, ಕಾಲು ತೊಳೆದುಕೊಂಡು ಬಂದು ಚಾಚಿ ಕೂರುತ್ತಾಳೆ. ನಾನು ಎದುರಿಗೆ ಕೂರುತ್ತೇನೆ. ಆಮೇಲೆ ಎದ್ದು ಹೋಗುತ್ತಾಳೆ.

ಒಂದು ಮಾತು ಬರೆಯಿರಿ. ನೀವು ಹೇಳಿದ ಹಾಗೆ ಮಾಡುತ್ತೇನೆ.

ನೀವು ಹೊಸ್ತಿಲು ತುಳಿಯಬಾರದೆಂಬ ಮಾತನ್ನು ಅವ್ವ ಈಗ ಎತ್ತುವುದಿಲ್ಲ.

ಗುರುಮಲ್ಲಪ್ಪ


ತಿ. ನರಸೀಪುರ
ಜೂನ್ 27, 1910

ಗುರು,

ಬರೆಯಬೇಡ. ನೀನು ಬರೆದರೆ ತೀರ ಚೆನ್ನಾಗಿ ಬರುತ್ತದೆ.

ಬರುವ ಸೋಮವಾರ ಚಿಕ್ಕಮಾದುವಿನ ಗಾಡಿಯಲ್ಲಿ ಹೊರಡುತ್ತೇನೆ. ಕ್ಯಾಮರಾ ತರುವುದಿಲ್ಲ. ಅತ್ತೆಯವರು ಕಾಲು ಚಾಚಿ ಕೂರುವ ಹೊತ್ತಿಗೆ ಬಂದು ಸೇರುತ್ತೇನೆ. ಆ ಕಾಲು ನೋಡಬೇಕು.

ಚಿಕ್ಕಬಸಪ್ಪ